ಸುಂಕದ ಮನೆಯ ಮುದುಕಿ

ಮಾರ್ಚ್ ೩, ಸೋಮವಾರ

ನಮ್ಮವರು ಬೆಳಗ್ಗೆ ಹೊರಟರು. ಸೇತುವೆಗಳ ಬಿರುಕು ಹುಡುಕುವ ಕೆಲಸ, ಈ ಸಲ ತಿಂಗಳ ಕೊನೆಯವರೆಗೂ ಬರುವುದಿಲ್ಲ. ಬಾಗಿಲಲ್ಲಿ ನಿಂತು ನನಗೆ, "ಅಮ್ಮನ್ನ ನೋಡ್ಕೋ," ಎಂದರು. ಅದಕ್ಕೆ ಮುಂಚೆ ಒಳಕೋಣೆಯಲ್ಲಿ ತಾಯಿಗೆ, "ಅವಳನ್ನ ಸ್ವಲ್ಪ ನೋಡ್ಕೋಮ್ಮ," ಎಂದದ್ದೂ ನನ್ನ ಕಿವಿಗೆ ಬಿದ್ದಿತ್ತು. ಇಬ್ಬರನ್ನೂ ಒಬ್ಬರಿಗೊಬ್ಬರು ಕಾವಲು ಹಾಕಿ ತಾನು ಜಾರಿಕೊಂಡ ಜಾಣ.

ಇನ್ನು ಈ ಮನೆಯಲ್ಲಿ ನಾನು, ನನ್ನ ಗಂಡನ ತಾಯಿ. ಅದಕ್ಕೇ ಈ ದಿನಚರಿ. ಯಾರಿಗಾದರೂ ಹೇಳಿಕೊಳ್ಳಬೇಕಲ್ಲ, ಗೋಡೆಗೆ ಹೇಳಿದರೆ ಅವರಿಗೆ ಕೇಳಿಸುತ್ತದೆ.

ಕೆಟ್ಟವರೇನಲ್ಲ. ಅದೇ ಕಷ್ಟ. ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ ಪ್ರಕಟಣೆ ಓದಿದವರು. ಅವರು ನಿಲ್ದಾಣ ಬಿಟ್ಟು ವರ್ಷಗಳಾದವು, ನಿಲ್ದಾಣ ಅವರನ್ನು ಬಿಟ್ಟಿಲ್ಲ. "ಸ್ನಾನಕ್ಕೆ ನೀರು ಕಾದಿದೆ" ಎಂದು ಅವರು ಹೇಳುವ ಧಾಟಿಗೆ ನಾನು ಪೆಟ್ಟಿಗೆ ಎತ್ತಿಕೊಂಡು ಓಡಬೇಕೆನ್ನಿಸುತ್ತದೆ. ಮುಂದಿಟ್ಟ ಕಾಗದದಲ್ಲಿ ಒಂದಕ್ಷರವನ್ನೂ ಆಚೀಚೆ ಮಾಡಿ ಓದಿದವರಲ್ಲವಂತೆ. ಮನೆಗೆ ಬಂದವರಿಗೆಲ್ಲ ಇದನ್ನು ಹೇಳುತ್ತಾರೆ, ನಾನೂ ಪ್ರತಿ ಸಲ ಹೊಸದಾಗಿ ಕೇಳಿದವಳಂತೆ ಕಣ್ಣರಳಿಸುತ್ತೇನೆ.

ಮಾರ್ಚ್ ೪, ಮಂಗಳವಾರ

ಆಫೀಸಿನಲ್ಲಿ ಕತ್ತರಿ ಬಿಸಿ ಮುಟ್ಟಿಸಿದರು. ನಮ್ಮ ಮುಖ್ಯಸ್ಥರಿಗೆ ನಾವು ಇಟ್ಟ ಹೆಸರು ಅದು. ಯಾರು ಏನು ಬರೆದುಕೊಟ್ಟರೂ ಅರ್ಧ ಕತ್ತರಿಸಿಯೇ ಅವರಿಗೆ ಊಟ ಸೇರುವುದು.

ನಾವು ಮಾಡುತ್ತಿರುವ ವಿಡಿಯೋ ಗೇಮಿನಲ್ಲಿ ಒಂದು ಕೋಟೆಯ ಪಟ್ಟಣವಿದೆ. ಒಳಗೆ ಪಟ್ಟಣದವರು. ಹೊರಗಿನ ಉಪ್ಪಿನ ಬಯಲಿನಲ್ಲಿ ಕೊಂಬಿನವರು, ಹಣೆಯ ಎರಡೂ ಕಡೆ ಬೆರಳುದ್ದದ ಕೊಂಬು ಅಷ್ಟೇ, ಉಳಿದದ್ದೆಲ್ಲ ನಮ್ಮ ನಿಮ್ಮ ಹಾಗೆಯೇ. ಪಟ್ಟಣದ ಬಾವಿಗಳು ಇದ್ದಕ್ಕಿದ್ದಂತೆ ಉಪ್ಪಾಗುತ್ತವೆ. ಕಾರಣ, ಮಹಾಮಂತ್ರಿಯೇ ತೋಡಿಸಿದ ಕಾಲುವೆ. ಆದರೆ ಚುನಾವಣೆ ಹತ್ತಿರ, ಉಪ್ಪಿನ ಬಯಲಿನ ಮೇಲೂ ಅವನಿಗೊಂದು ಕಣ್ಣು. ಆದ್ದರಿಂದ ತಪ್ಪು ಕೊಂಬಿನವರದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ನಮ್ಮ ಕಥೆಯ ಎಮ್ಮೆಗೆ ನಿಜವಾಗಿಯೂ ಕೊಂಬಿದೆ. ಆಡುವವರು ಒಬ್ಬ ಕೊಂಬಿನ ಹುಡುಗಿಯಾಗಿ ಆಡಬೇಕು. ಕಾಲುವೆಯ ಗುಟ್ಟು ತಿಳಿದ ಅವಳು ಪಟ್ಟಣದಿಂದ ಜೀವಂತ ಹೊರಗೆ ಹೋಗಬೇಕು.

ನಾನು ಬರೆಯುವುದು ಬೀದಿಮಾತು. ಹುಡುಗಿ ನಡೆದುಹೋಗುವಾಗ ಅಕ್ಕಪಕ್ಕದವರು ಆಡುವ ಒಂದೊಂದು ಸಾಲು. ಅದರ ಜೊತೆಗೆ ಒಂದೇ ಒಂದು ಇಡೀ ದೃಶ್ಯ ನನ್ನದು. ಕೊನೆಯ ಬಾಗಿಲ ಬಳಿ ಸುಂಕದ ಮನೆ, ಅಲ್ಲೊಬ್ಬ ಪಟ್ಟಣದ ಮುದುಕಿ. ಹುಡುಗಿಯನ್ನು ಚಿಕ್ಕಂದಿನಿಂದ ಬಲ್ಲವಳು. ಹುಡುಗಿ ಅವಳ ಅಡುಗೆಮನೆಯಲ್ಲಿ ಅಡಗುತ್ತಾಳೆ, ಕಾವಲುಗಾರ ಬಂದು ಬಾಗಿಲು ತಟ್ಟುತ್ತಾನೆ. ಮುದುಕಿ ಏನು ಹೇಳುತ್ತಾಳೆ?

"ಬೀದಿಮಾತು ಬರೀ ಬೈಗುಳ ಆಯ್ತು," ಎಂದರು ಕತ್ತರಿ. "ಕೇಳಿದ್ರೆ ನಗು ಬರುತ್ತೆ, ನೋವಾಗಲ್ಲ. ಸುಂಕದ ಮನೆಯಂತೂ ಪೂರಾ ಮಾತು. ಇಪ್ಪತ್ತೆಂಟಕ್ಕೆ ರೆಕಾರ್ಡಿಂಗ್. ಅಷ್ಟರಲ್ಲಿ ಅದು ಎದ್ದು ನಿಲ್ದಿದ್ರೆ ತೆಗೆದು ಅಲ್ಲೊಂದು ಕತ್ತಿ ಕಾಳಗ ಹಾಕೋಣ."

ಮೂರು ವರ್ಷ ದುಡಿದ ಈ ಆಟದಲ್ಲಿ ನನ್ನದು ಅಂತ ಇರುವುದು ಆ ಒಂದು ಮನೆ. ಅದನ್ನು ಕೆಡವಲು ಬಿಡಲಾರೆ.

ಮಾರ್ಚ್ ೬, ಗುರುವಾರ

ಊಟದ ಮೇಜಿನ ಮುಂದೆ ಕೂತು ಬೀದಿಮಾತು ಬರೆಯುತ್ತಿದ್ದೆ. 'ತೊಲಗು ಕೊಂಬಿನ ಪಿಶಾಚಿ', 'ದರಿದ್ರದವಳೇ', ಈ ಮಟ್ಟದ್ದು. ಗಂಡನ ತಾಯಿ ಲೋಟ ಎತ್ತಿಕೊಳ್ಳಲು ಬಂದವರು ಬೆನ್ನ ಹಿಂದೆ ನಿಂತು ಓದಿದರು.

"ಇದೇನಮ್ಮ, ಯಾರ ಮೇಲೆ ಇಷ್ಟು ಕೋಪ?"

"ಆಟದ್ದು ಅತ್ತೆ. ಪಟ್ಟಣದವರು ಕೊಂಬಿನವರಿಗೆ ಹೀಗಂತಾರೆ."

"ಪಟ್ಟಣದವರು ಓದಿದವರಾ?"

"ಹೂಂ."

"ಹಾಗಾದ್ರೆ ಹೀಗನ್ನಲ್ಲ," ಎಂದು ಲೋಟ ತೊಳೆಯಲು ಹೋದರು. ಮತ್ತೆ ಹೇಗನ್ನುತ್ತಾರೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ನನಗೂ ಒಂದು ಮರ್ಯಾದೆ ಬೇಡವೇ.

ಮಾರ್ಚ್ ೯, ಭಾನುವಾರ

ಮಹಡಿ ಮೇಲಿನ ಹೊಸ ಬಾಡಿಗೆಯಾಕೆ ಪರಿಚಯ ಮಾಡಿಕೊಳ್ಳಲು ಬಂದಿದ್ದರು. ಗಂಡನ ತಾಯಿ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಬೆನ್ನು ಸವರಿದರು ಕೂಡ.

"ನನ್ನ ಮಗನ ಹೆಂಡತಿ. ಗಣಿ ಕಡೆಯವಳು. ಹೇಳದಿದ್ರೆ ಗೊತ್ತೇ ಆಗಲ್ಲ ಅಲ್ವಾ? ಬಹಳ ಚೊಕ್ಕಟ. ಇವಳು ಅವರ ಹಾಗಲ್ಲ."

"ಅಯ್ಯೋ, ಗೊತ್ತೇ ಆಗಲ್ಲ," ಎಂದರು ಆಕೆ.

ನಾನು ಚಹಾ ಮಾಡಲು ಎದ್ದು ಬಂದೆ. ಸಕ್ಕರೆ ಎಷ್ಟು ಹಾಕಿದೆನೋ ಜ್ಞಾಪಕವಿಲ್ಲ, ಇಬ್ಬರೂ ಒಂದೊಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಹನ್ನೊಂದು ವರ್ಷದಿಂದ ಕೇಳುತ್ತಿರುವ ಹೊಗಳಿಕೆ ಇದು. ಬೈದಿದ್ದರೆ ಒಂದು ದಿನ ಜಗಳವಾಡಿ ಮುಗಿಸಬಹುದಿತ್ತು. ಬೆನ್ನು ಸವರುವವರ ಹತ್ತಿರ ಏನಂತ ಜಗಳ ತೆಗೆಯುವುದು?

ಇವರಿಗೆ ಫೋನಿನಲ್ಲಿ ಹೇಳಿದೆ. "ಅಮ್ಮ ಪ್ರೀತಿಯಿಂದ ಹೇಳಿದ್ದು ಕಣೇ," ಎಂದರು. ಗೊತ್ತು ಮಹಾರಾಯ, ಗೊತ್ತು.

ಮಾರ್ಚ್ ೧೨, ಬುಧವಾರ

ಬಂತು! ಸುಂಕದ ಮನೆ ಒಂದೇ ಕೂತಲ್ಲಿ ಬಂತು!

ಕಾವಲುಗಾರ ಬಾಗಿಲು ತಟ್ಟುತ್ತಾನೆ. "ಒಳಗೆ ಯಾರಿದ್ದಾರೆ?" ಮುದುಕಿ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. "ಕೊಂಬಿನವಳು ಅಂತ ಕೇಳಿದ್ದೀವಿ," ಎನ್ನುತ್ತಾನೆ ಅವನು. ಮುದುಕಿ ಕೈಮುಗಿದು, "ಈ ಹುಡುಗಿ ಅವರ ಹಾಗಲ್ಲ, ಬಿಟ್ಟುಬಿಡು," ಎನ್ನುತ್ತಾಳೆ. ಕಾವಲುಗಾರ ಕರಗಿ ಹೊರಟುಹೋಗುತ್ತಾನೆ.

ಕತ್ತರಿ ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. "ಆ ಕೊನೆ ಸಾಲು! ಎಲ್ಲಿಂದ ತಂದ್ರಿ?" ಎಂದರು. ಎಲ್ಲಿಂದ ಬಂತೋ, ತಾನಾಗಿ ಬಂತು. ಮುದುಕಿಯ ಬಾಯಲ್ಲಿ ಅದು ಎಷ್ಟು ಸಹಜವಾಗಿದೆ! ಇವತ್ತು ಬಸ್ಸಿನಲ್ಲಿ ಕೂರಲು ಜಾಗವೂ ಸಿಕ್ಕಿತು.

ಮಾರ್ಚ್ ೧೪, ಶುಕ್ರವಾರ

ಸಂತೋಷಕ್ಕೆ ಎರಡೇ ದಿನ ಆಯಸ್ಸು. ಮುದುಕಿಗೆ ಧ್ವನಿ ಕೊಡಬೇಕಿದ್ದ ನಟಿಗೆ ಗಂಟಲಿನ ಆಪರೇಷನ್ ಆಗಿದೆ, ಎರಡು ತಿಂಗಳು ಬಾಯಿ ತೆರೆಯುವ ಹಾಗಿಲ್ಲ. ಬೇರೆಯವರನ್ನು ಹುಡುಕುವಷ್ಟು ಪುರುಸೊತ್ತಿಲ್ಲ, ಕತ್ತಿ ಕಾಳಗವೇ ಸರಿ ಎಂದು ಕತ್ತರಿ ಷರಾ ಎಳೆಯುವುದರಲ್ಲಿದ್ದರು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಕೈತಪ್ಪಿ ಸ್ಪೀಕರ್ ಒತ್ತಿದೆ.

"ನಿನ್ನ ಊಟದ ಡಬ್ಬಿ ಮೇಜಿನ ಮೇಲೆಯೇ ಉಳಿದಿದೆ," ಎಂದು ಕೋಣೆಯ ತುಂಬ ಮೊಳಗಿತು.

ನಮ್ಮ ಧ್ವನಿ ವಿಭಾಗದವನು ಕುರ್ಚಿಯಿಂದ ಎದ್ದೇ ನಿಂತ. ಅವನನ್ನು ಕಿವಿ ಎನ್ನುತ್ತೇವೆ, ಸೊಳ್ಳೆ ಹಾರಿದರೂ ಅದರ ಶ್ರುತಿ ಹೇಳುವವನು. "ಅಕ್ಕ, ಇದು ನಿಲ್ದಾಣ! ಕಾಲೇಜಿಗೆ ಹೋಗುವಾಗ ದಿನಾ ಕೇಳ್ತಿದ್ದೆ. ಇವರು ನಿಮ್ಮನೇಲಿದಾರಾ?"

ಇದ್ದಾರೆ ಎಂದೆ. ನನ್ನ ಮುಖ ನೋಡಿ ಕತ್ತರಿ ನಕ್ಕರು. "ಕೇಳಿ ನೋಡಿ ಮನೇಲಿ," ಎಂದರು.

ಸುಂಕದ ಮನೆ ಉಳಿಯಬೇಕಾದರೆ ಗಂಡನ ತಾಯಿಯ ಕಾಲು ಹಿಡಿಯಬೇಕು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಸೊಸೆಯ ಕಾಲ ಯಾವ ಪ್ಲಾಟ್‌ಫಾರಂಗೆ ಬರುತ್ತದೋ.

ಮಾರ್ಚ್ ೧೫, ಶನಿವಾರ

ಕೇಳಿದೆ. ಅತ್ತೆ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದರು.

"ಪಾತ್ರ ಏನು?"

"ಕೋಟೆ ಬಾಗಿಲಲ್ಲಿ ಸುಂಕ ವಸೂಲಿ ಮಾಡೋ ಮುದುಕಿ."

"ಸರ್ಕಾರಿ ಕೆಲಸಾನಾ?"

"ಹೌದು ಅನ್ಕೊಳ್ಳಿ."

"ಹಾಗಾದ್ರೆ ಪರವಾಗಿಲ್ಲ. ಆದ್ರೆ ಒಂದು ಮಾತು. ನಂಗೆ ನಟನೆ ಬರಲ್ಲ. ಬರೆದುಕೊಟ್ಟದ್ದನ್ನ ಓದ್ತೀನಿ, ಅಷ್ಟೇ."

ಅಷ್ಟೇ ಸಾಕು ಎಂದೆ. ಅರ್ಧ ಗಂಟೆಯಾದ ಮೇಲೆ ಬಚ್ಚಲಿನಿಂದ ಗಂಟಲು ಸರಿಮಾಡುವ ಸದ್ದು ಕೇಳಿಸಿತು. ಕನ್ನಡಿಯ ಮುಂದೆ ನಿಂತು, "ಯಾರಲ್ಲಿ? ಸುಂಕ ಕಟ್ಟಿ ಮುಂದೆ ಹೋಗಿ," ಎಂದು ಐದಾರು ಬಗೆಯಲ್ಲಿ ಹೇಳಿಕೊಳ್ಳುತ್ತಿದ್ದರು. ಅದು ನಾನು ಬರೆದದ್ದೇ ಅಲ್ಲ. ನನಗೆ ನಗು ತಡೆಯಲಾಗಲಿಲ್ಲ, ಟವೆಲನ್ನು ಬಾಯಿಗಿಟ್ಟುಕೊಂಡು ನಕ್ಕೆ.

ಮಾರ್ಚ್ ೧೬, ಭಾನುವಾರ

ಇದನ್ನು ಪೂರ್ತಿ ಬರೆದಿಡಬೇಕು.

ಮಧ್ಯಾಹ್ನ ಬಟ್ಟೆ ಮಡಿಸುತ್ತ ಕೂತಿದ್ದೆವು. ಆಟದ ಕಥೆಯೆಲ್ಲ ಹೇಳು ಎಂದರು ಅತ್ತೆ, ಓದುವ ಮೊದಲು ರೈಲು ಎಲ್ಲಿಂದ ಎಲ್ಲಿಗೆ ಅಂತ ತಿಳಿದಿರಬೇಕಂತೆ. ಹೇಳಿದೆ. ಮಹಾಮಂತ್ರಿಯ ವಿಷಯ ಬಂದಾಗ ಮಡಿಸುವುದನ್ನು ನಿಲ್ಲಿಸಿದರು.

"ಅವನಿಗೆ ಕೊಂಬಿನವರನ್ನ ಕಂಡ್ರೆ ಯಾಕೆ ಆಗಲ್ಲ?"

"ಅವರಪ್ಪನ್ನ ಒಬ್ಬ ಕೊಂಬಿನವನು ಕೊಂದ ಅಂತ ಇಟ್ಟಿದಾರೆ ನಮ್ಮ ಮುಖ್ಯಸ್ಥರು."

"ಅಯ್ಯೋ, ಅಷ್ಟೆಲ್ಲ ಬೇಕಾ? ಅವನಿಗೆ ದ್ವೇಷಾನೇ ಇರಲ್ಲಮ್ಮ. ಅವನ ಮನೆ ಅಡುಗೆಯವನೇ ಕೊಂಬಿನವನಾಗಿರ್ತಾನೆ, ಅವನ ಕೈ ಅಡುಗೆ ಇಲ್ದಿದ್ರೆ ಊಟ ಸೇರಲ್ಲ. ಅವನಿಗೆ ಬೇಕಾಗಿರೋದು ಜಾಗ. ಜಾಗಕ್ಕೆ ಓಟು ಬೇಕು. ಓಟಿಗೆ ಹೆದರಿಕೆ ಬೇಕು. ಬೈದ್ರೆ ಜನ ಹೆದರಲ್ಲ. ಎಚ್ಚರಿಕೆ ಹೇಳಬೇಕು, ಒಳ್ಳೆ ಮಾತಲ್ಲಿ."

"ನಿಮಗೆ ಹೇಗೆ ಗೊತ್ತು?"

"ನಾನೇ ಹೇಳಿದೀನಲ್ಲ," ಎಂದರು, ನೀರು ಕುಡಿದಷ್ಟು ಸಲೀಸಾಗಿ.

ಆಗ ಹೇಳಿದ್ದು ಇದು. ಅವರು ಕೆಲಸದಲ್ಲಿದ್ದಾಗ ಒಂದು ನಗರಸಭೆ ಚುನಾವಣೆ. ನಿಲ್ದಾಣದ ಹೊರಗೆ ಗಣಿ ಕಡೆಯವರ ಅಂಗಡಿಗಳ ಒಂದು ಸಾಲು, ಆ ಜಾಗದ ಮೇಲೆ ಒಬ್ಬ ಉಮೇದುವಾರನ ಕಣ್ಣು. ಒಂದು ಬೆಳಗ್ಗೆ ಮೇಲಿನವರು ಅತ್ತೆಯ ಮುಂದೆ ಒಂದು ಚೀಟಿ ತಂದಿಟ್ಟರು. 'ಪ್ರಯಾಣಿಕರು ತಮ್ಮ ಸಾಮಾನುಗಳ ಬಗ್ಗೆ ಎಚ್ಚರದಿಂದಿರಬೇಕಾಗಿ ವಿನಂತಿ.'

"ಅದರಲ್ಲಿ ತಪ್ಪೇನಿದೆ ಹೇಳು? ಯಾವ ನಿಲ್ದಾಣದಲ್ಲಾದ್ರೂ ಹೇಳೋದೇ. ಆದ್ರೆ ಕೆಳಗೆ ಬರೆದಿದ್ರು, ಮೂರನೇ ಪ್ಲಾಟ್‌ಫಾರಂಗೆ ಮಾತ್ರ. ಗಣಿ ಕಡೆಯ ರೈಲು ಬಂದು ನಿಂತಾಗ ಮಾತ್ರ."

"ಓದಿದ್ರಾ?"

"ಓದೋದು ನನ್ನ ಕೆಲಸ. ಚುನಾವಣೆ ಮುಗಿಯೋವರೆಗೂ ಓದಿದೆ. ಅವರ ರೈಲು ಬಂತು ಅಂದ್ರೆ ಎಲ್ಲಾ ಪ್ಲಾಟ್‌ಫಾರಂನವರೂ ಆ ಕಡೆ ತಿರುಗೋರು, ಮಕ್ಕಳನ್ನ ಹತ್ತಿರ ಎಳ್ಕೊಳ್ಳೋರು. ಅವನು ಗೆದ್ದ. ಅಂಗಡಿ ಸಾಲನ್ನ ಕಿತ್ತು ಹಾಕಿದ್ರು, ಒಬ್ಬರೂ ಯಾಕೆ ಅಂತ ಕೇಳ್ಲಿಲ್ಲ. ಯಾರೂ ಅವರನ್ನ ಒಂದು ಕೆಟ್ಟ ಮಾತು ಬೈದಿರಲಿಲ್ಲಮ್ಮ. ಬೈಯೋ ಪ್ರಮೇಯಾನೇ ಬರಲಿಲ್ಲ."

ಇದನ್ನೆಲ್ಲ ಅವರು ಪಾಠ ಹೇಳಿಕೊಡುವವರಂತೆ ಹೇಳಿದರು. ನನ್ನ ಆಟಕ್ಕೆ ಸಹಾಯವಾಗಲಿ ಎಂದು ಹೇಳಿದರು. ನಾನು ಯಾವ ಕಡೆಯವಳು ಎಂಬುದು ಆ ಹೊತ್ತಿಗೆ ಅವರಿಗೆ ಮರೆತೇ ಹೋಗಿತ್ತು. ಕೊನೆಯ ಅಂಗಿ ಮಡಿಸುವಾಗ ನನ್ನ ಕೈ ನಿಂತದ್ದನ್ನು ನೋಡಿದರು. "ಕಾಫಿ ಮಾಡ್ಲಾ?" ಎಂದು ಎದ್ದು ಹೋದರು.

ಮಾರ್ಚ್ ೧೭, ಸೋಮವಾರ

ಬೈಗುಳವನ್ನೆಲ್ಲ ತೆಗೆದುಹಾಕಿದೆ. ಈಗ ಪಟ್ಟಣದಲ್ಲಿ ಡಂಗುರ ಸಾರುವವನೊಬ್ಬ ಇದ್ದಾನೆ, ಜೇನು ಸುರಿಯುವ ಧ್ವನಿ. ಕೊಂಬಿನವರು ಬಾವಿಗೆ ಬಂದಾಗ ಮಾತ್ರ, "ತಾಯಂದಿರು ಮಕ್ಕಳ ಕೈ ಹಿಡಿದುಕೊಳ್ಳಬೇಕಾಗಿ ವಿನಂತಿ," ಎನ್ನುತ್ತಾನೆ. ಮಂತ್ರಿಯ ಅಪ್ಪನನ್ನು ಬದುಕಿಸಿದ್ದೇನೆ, ಅವನಿಗೆ ಒಬ್ಬ ಕೊಂಬಿನ ಅಡುಗೆಯವನನ್ನೂ ಕೊಟ್ಟಿದ್ದೇನೆ. ಪರೀಕ್ಷೆಗೆ ಆಡಿ ನೋಡಿದ ಕಿವಿ ಹೆಡ್‌ಫೋನ್ ತೆಗೆದಿಟ್ಟು, "ಮೈ ಜುಂ ಅಂತು ಅಕ್ಕ," ಎಂದ. ಕತ್ತರಿ ಒಂದಕ್ಷರವನ್ನೂ ಮುಟ್ಟಲಿಲ್ಲ.

ನಾನು ಈ ಊರಿಗೆ ಮೊದಲು ಬಂದಿಳಿದದ್ದು ಮೂರನೇ ಪ್ಲಾಟ್‌ಫಾರಂನಲ್ಲಿ, ಅದೇ ಚುನಾವಣೆಯ ತಿಂಗಳು. ಅದನ್ನು ಅತ್ತೆಗೆ ಹೇಳಿಲ್ಲ. ಹೇಳಿ ಏನಾಗಬೇಕು?

ಮಾರ್ಚ್ ೧೯, ಬುಧವಾರ

ಸಂಜೆ ಅತ್ತೆ ಅಭ್ಯಾಸಕ್ಕೆ ಕೂತರು. ನಾನು ಕಾವಲುಗಾರನ ಮಾತು ಓದಬೇಕು, ಅವರು ಮುದುಕಿಯದು. ಕನ್ನಡಕ ಏರಿಸಿ, ಗಂಟಲು ಸರಿಮಾಡಿ, ಚೆನ್ನಾಗಿಯೇ ಓದುತ್ತ ಬಂದರು.

"ಕೊಂಬಿನವಳು ಅಂತ ಕೇಳಿದ್ದೀವಿ," ಎಂದೆ ನಾನು.

"ಈ ಹುಡುಗಿ ಅವರ..." ಎಂದವರು ನಿಂತರು. ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಇದು ನನ್ನ ಮಾತಲ್ವಾ?"

"ಅಯ್ಯೋ ಇಲ್ಲ ಅತ್ತೆ, ನಾನೇ ಬರೆದದ್ದು," ಎಂದೆ. ಹಾಗೆ ಎನ್ನುತ್ತಿದ್ದಂತೆ ಮೇಲಿನ ಮನೆಯಾಕೆಗೆ ಕೊಟ್ಟ ಚಹಾ ನೆನಪಾಯಿತು. ನಿಜವಾಗಿಯೂ ನಾನೇ ಬರೆದದ್ದು ಅಂದುಕೊಂಡಿದ್ದೆ! ಎಲ್ಲಿಂದ ಬಂತೋ ಎಂದು ಹಿಗ್ಗಿದ್ದೆ! ಹನ್ನೊಂದು ವರ್ಷ ನುಂಗಿದ್ದು ಮತ್ತೆಲ್ಲಿಗೆ ಹೋಗುತ್ತದೆ?

ಅತ್ತೆ ಕಾಗದಗಳನ್ನು ಅಂಚು ಸೇರಿಸಿ ಮೇಜಿನ ಮೇಲಿಟ್ಟರು. "ಇವತ್ತಿಗೆ ಸಾಕು," ಎಂದು ಕೋಣೆಗೆ ಹೋದರು. ಟಿವಿ ಹಾಕಿದ ಸದ್ದೂ ಬರಲಿಲ್ಲ.

ಮಾರ್ಚ್ ೨೦, ಗುರುವಾರ

ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಅತ್ತೆ ಬಚ್ಚಲ ಬಾಗಿಲಿಗೆ ಬಂದು ನಿಂತರು.

"ಬೇಜಾರಾಗಿತ್ತಾ?"

ಬಾಯಿ ತುಂಬ ನೊರೆ. "ಯಾವಾಗ?" ಎಂದೆ.

"ನಾನು ಹಾಗಂದಾಗ."

ಉಗುಳಿ, ಬಾಯಿ ತೊಳೆದುಕೊಂಡೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಆಗ್ತಿತ್ತು ಅತ್ತೆ. ಅಂದಾಗಲೆಲ್ಲ ಆಗ್ತಿತ್ತು."

"ನಾನು ಹೊಗಳ್ತಾ ಇದ್ದೆ."

"ಗೊತ್ತು. ಅದಕ್ಕೇ ತಿರುಗಿ ಮಾತಾಡೋಕೆ ಆಗ್ತಿರಲಿಲ್ಲ. ನಾನು ಅವರ ಹಾಗಲ್ಲ ಅಂದ್ರೆ ನಮ್ಮಪ್ಪ? ನಮ್ಮ ಚಿಕ್ಕಮ್ಮ? ನನ್ನೊಬ್ಬಳನ್ನ ಒಳಗೆ ಕರೆದು ಅವರ ಮುಖದ ಮೇಲೆ ಬಾಗಿಲು ಹಾಕಿದ ಹಾಗಾಗ್ತಿತ್ತು."

ಅಷ್ಟು ಹೇಳಿದ ಮೇಲೆ ಉಳಿದದ್ದೂ ಹೊರಬಿತ್ತು. ಹದಿನೆಂಟರ ವಯಸ್ಸಿನಲ್ಲಿ ಕಾಲೇಜಿಗೆ ಸೇರಲು ಒಬ್ಬಳೇ ರೈಲಿನಲ್ಲಿ ಬಂದದ್ದು. ದಾರಿಯುದ್ದಕ್ಕೂ ಕಿಟಕಿಯ ಜಾಗ ಬಿಟ್ಟುಕೊಟ್ಟು, ತನ್ನ ಬುತ್ತಿ ಹಂಚಿಕೊಂಡ ನಮ್ಮ ಕಡೆಯ ಒಬ್ಬ ಅಜ್ಜ. ಮೂರನೇ ಪ್ಲಾಟ್‌ಫಾರಂನಲ್ಲಿ ಇಳಿದಾಗ ಮೇಲಿನಿಂದ ಬಂದ ಆ ಧ್ವನಿ, ಸಾಮಾನುಗಳ ಬಗ್ಗೆ ಎಚ್ಚರ. ಈ ಊರಲ್ಲಿ ನನ್ನನ್ನು ಮೊದಲು ಮಾತಾಡಿಸಿದವರು ಅತ್ತೆಯೇ, ಎಷ್ಟು ಅಕ್ಕರೆ ಆ ಧ್ವನಿಯಲ್ಲಿ ಎಂದುಕೊಂಡಿದ್ದೆ. ಬ್ಯಾಗನ್ನು ಎದೆಗೆ ಅವಚಿಕೊಂಡು ಅಜ್ಜನಿಂದ ದೂರ ಸರಿದು ನಿಂತಿದ್ದೆ.

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. "ಆ ಅಜ್ಜ ಏನಂದ್ರು?"

"ಏನೂ ಅನ್ನಲಿಲ್ಲ. ತನ್ನ ಚೀಲಾನೂ ಎತ್ತಿ ಎದೆಗಿಟ್ಕೊಂಡ್ರು. ಅಲ್ಲಿದ್ದೋರೆಲ್ಲ ಹಾಗೇ ಮಾಡಿದ್ರು ಅತ್ತೆ. ಎಲ್ಲಾ ನಮ್ಮ ಕಡೆಯವರೇ. ಒಬ್ಬರಿಂದ ಒಬ್ಬರು ಚೀಲ ಕಾಪಾಡ್ಕೊಂಡ್ವಿ."

ನಲ್ಲಿ ಇನ್ನೂ ಸುರಿಯುತ್ತಿತ್ತು. ಆಮೇಲೆ ಅತ್ತೆ ಕೇಳಿದ್ದು ಇದು: "ಅಷ್ಟು ಸ್ಪಷ್ಟವಾಗಿ ಕೇಳಿಸ್ತಿತ್ತಾ ನನ್ನ ಧ್ವನಿ?"

"ಬಹಳ ಸ್ಪಷ್ಟವಾಗಿ."

ಅವರ ಮುಖದಲ್ಲಿ ಹೆಮ್ಮೆ ಬರಲು ಹೊರಟು ದಾರಿಯಲ್ಲೇ ನಿಂತಿತು. ಮೂವತ್ತು ವರ್ಷದ ಆ ಹೆಮ್ಮೆಯನ್ನು ನಾನೇ ಕಿತ್ತುಕೊಂಡೆನೇನೋ ಎಂದು ನನಗೇ ಪಾಪ ಅನ್ನಿಸಿತು. ಆದರೂ ಹೇಳಿದ್ದಕ್ಕೆ ಬೇಸರವಿಲ್ಲ. ನಲ್ಲಿ ನಿಲ್ಲಿಸಿದವರು ಅವರೇ.

ಮಾರ್ಚ್ ೨೩, ಭಾನುವಾರ

ಇವರ ಫೋನು. ಮೊದಲು ನನ್ನನ್ನು ಕೇಳಿದರು, "ಅಮ್ಮ ಹೇಗಿದಾರೆ?" ಕಡಿಮೆ ಮಾತಾಡುತ್ತಿದ್ದಾರೆ ಎಂದೆ. ಆಮೇಲೆ ಅಮ್ಮನಿಗೆ ಕೊಡು ಎಂದರು. "ಅವಳಾ? ಊಟ ಸರಿಯಾಗಿ ಮಾಡ್ತಿಲ್ಲ, ಬರೀ ಬರೆಯೋದು," ಎಂದು ನಮ್ಮತ್ತೆ ನನ್ನ ಎದುರೇ ದೂರು ಹೇಳಿದರು. ನಮ್ಮಿಬ್ಬರ ನಡುವೆ ಏನೋ ನಡೆದಿದೆ ಎಂದು ಇವರಿಗೆ ಗುಮಾನಿ. "ನಾನು ಬೇಗ ಬರ್ಲಾ?" ಎಂದು ಕೇಳಿದರಂತೆ. "ಬರಬೇಡ, ನಿನ್ನ ಕೆಲಸ ನೋಡ್ಕೋ," ಎಂದು ನಮ್ಮತ್ತೆ ಫೋನಿಟ್ಟರು.

ಮೇಲಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಾಗ ನಮ್ಮತ್ತೆ ನನ್ನ ಬಗ್ಗೆ ಏನೂ ಹೇಳಲಿಲ್ಲ. ಹೊಗಳಲು ಬಾಯಿ ತೆರೆದು, ಮುಚ್ಚಿ, ನೀರಿನ ತೊಟ್ಟಿಯ ವಿಷಯ ಮಾತಾಡಿದರು.

ಮಾರ್ಚ್ ೨೬, ಬುಧವಾರ

ಆ ಸಾಲನ್ನು ಬದಲಾಯಿಸಲು ಹೊರಟು ಸೋತೆ. 'ಒಳಗೆ ಯಾರೂ ಇಲ್ಲ' ಎಂದು ಸುಳ್ಳು ಹೇಳಿಸಿದರೆ ಹುಡುಗಿ ಬಚಾವಾಗುತ್ತಾಳೆ, ಆದರೆ ಅವಳು ಅಲ್ಲಿ ಇಲ್ಲವೇ ಇಲ್ಲ ಎಂದ ಹಾಗೆ. ಕತ್ತಿ ಹಿಡಿಸಿದರೆ ಕತ್ತರಿ ಗೆದ್ದಂತೆ. ಬೇರೇನು ಹೇಳಬಹುದು ಒಬ್ಬ ಮುದುಕಿ? ತಲೆ ಕೆರೆದು ಕೆರೆದು ಕೂದಲು ಉದುರಿದ್ದಷ್ಟೇ ಲಾಭ. ಅತ್ತ ಕತ್ತರಿಗೆ ಆ ಸಾಲು ಪ್ರಾಣ. "ಅದೊಂದು ಸಾಲಿಗೋಸ್ಕರ ದೃಶ್ಯ ಉಳಿದಿದೆ, ನೆನಪಿರಲಿ," ಎಂದರು. ಇದ್ದದ್ದು ಇದ್ದ ಹಾಗೇ ಇರಲಿ ಎಂದು ಕೈಚೆಲ್ಲಿದೆ.

ನಮ್ಮತ್ತೆಗೆ ಹೇಳಿದೆ. "ಓದೋಕೆ ಕಷ್ಟ ಆದ್ರೆ ಬೇಡ ಅತ್ತೆ. ದೃಶ್ಯ ಹೋದ್ರೆ ಹೋಗ್ಲಿ." ಹಾಗಂದೆನಲ್ಲ, ನನಗೇ ಆಶ್ಚರ್ಯ. ಆ ಮನೆಗಾಗಿ ಅಷ್ಟು ಒದ್ದಾಡಿದವಳು ನಾನೇ ತಾನೇ.

"ಒಪ್ಪಿಕೊಂಡ ಕೆಲಸ ಬಿಡೋಳಲ್ಲ ನಾನು," ಎಂದರು. "ಬರೆದದ್ದನ್ನ ಓದ್ತೀನಿ." ಬಿಸಿನೀರಿಗೆ ಜೇನು ಹಾಕಿಕೊಂಡು ಕುಡಿದರು.

ಮಾರ್ಚ್ ೨೮, ಶುಕ್ರವಾರ

ಎಲ್ಲಿಂದ ಶುರು ಮಾಡಲಿ ತಿಳಿಯುತ್ತಿಲ್ಲ. ನಗು ಬೇರೆ.

ನಮ್ಮತ್ತೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕೆಲಸಕ್ಕೆ ಹೋಗುವಾಗಿನ ಕೈಗಡಿಯಾರ ಕಟ್ಟಿಕೊಂಡು ಬಂದಿದ್ದರು. ಧ್ವನಿ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಅದನ್ನು ತಾವೇ ಎರಡು ಬೆರಳು ಕೆಳಗಿಳಿಸಿದರು. ಕಿವಿ ಅವರ ಪಕ್ಕದಲ್ಲಿ ಕೂತು ಕಾವಲುಗಾರನ ಮಾತು ಓದುವುದು ಎಂದಾಯಿತು. ಗಾಜಿನ ಈಚೆ ನಾನು, ಕತ್ತರಿ.

ಮೊದಲ ಮಾತುಗಳೆಲ್ಲ ಬರೆದಂತೆಯೇ ಬಂದವು. ಹುಡುಗಿಯನ್ನು ಒಳಗೆ ಕರೆದ ಮಾತು, ತಟ್ಟೆ ಹಾಕಿ ಕೂರಿಸಿದ ಮಾತು. ಕತ್ತರಿ ತೂಗಿದ ತಲೆ ತೂಗುತ್ತಲೇ ಇದ್ದರು. ಆಮೇಲೆ ಕಿವಿ ಮೇಜು ತಟ್ಟಿದ.

"ಒಳಗೆ ಯಾರಿದ್ದಾರೆ?"

ಇಲ್ಲಿ ಮುದುಕಿ ಸುಮ್ಮನೆ ಅಡ್ಡ ನಿಲ್ಲಬೇಕು, ಮಾತಿಲ್ಲ. ಆದರೆ ನಮ್ಮತ್ತೆ ಕನ್ನಡಕ ತೆಗೆದರು. ಕಾಗದವನ್ನು ಬೋರಲು ಹಾಕಿದರು.

"ನನ್ನ ಸೊಸೆ."

ಕಿವಿ ಗಾಬರಿಯಿಂದ ತನ್ನ ಕಾಗದ ನೋಡಿದ. ಏನು ಮಾಡುವುದೆಂದು ತೋಚದೆ ಮುಂದಿನ ಸಾಲನ್ನೇ ಓದಿದ. "ಕೊಂಬಿನವಳು ಅಂತ ಕೇಳಿದ್ದೀವಿ."

"ಹೌದು. ಕೊಂಬಿದೆ. ಅವರಪ್ಪನಿಗೂ ಇದೆ. ಊಟ ಮಾಡ್ತಾ ಇದಾಳೆ. ಆಮೇಲೆ ಬಾ."

ಪ್ರೀತಿಯ ಧ್ವನಿಯಲ್ಲ, ಅಳುವೂ ಅಲ್ಲ. ಅದೇ ನಿಲ್ದಾಣದ ಧ್ವನಿ, ಹೊರಡುವ ರೈಲನ್ನು ನಿಲ್ಲಿಸಬಲ್ಲ ಧ್ವನಿ. ಕಿವಿ ಕುರ್ಚಿಸಮೇತ ಹಿಂದೆ ಸರಿದ. ಅವನು ಓದಬೇಕಾದ ಇನ್ನೊಂದು ಸಾಲಿತ್ತು, ಅದನ್ನು ಓದಲೇ ಇಲ್ಲ. ನನಗೆ ಗಾಜಿನಾಚೆ ಏನೂ ಕಾಣಿಸದಾಯಿತು. ಕಣ್ಣೀರು ಸುರಿದು ಮೂಗಿನ ತುದಿಗೆ ಬಂದಾಗಲೇ ಗೊತ್ತಾದದ್ದು.

ಕತ್ತರಿ ಗುಂಡಿ ಒತ್ತಿ ಒಳಗೆ ಮಾತಾಡಿದರು. "ಅಮ್ಮಾ, ಬಹಳ ಚೆನ್ನಾಗಿತ್ತು. ಆದ್ರೆ ಬರೆದದ್ದು ಅದಲ್ಲ. ನಮ್ಮ ಕಥೇಲಿ ಆ ಮುದುಕಿಗೆ ಮಗನೇ ಇಲ್ಲ. ಮಗನಿಲ್ದೆ ಸೊಸೆ ಎಲ್ಲಿಂದ ಬಂದ್ಲು?"

"ಅದು ಬರೆಯೋರ ಕೆಲಸ," ಎಂದರು ನಮ್ಮತ್ತೆ. "ಒಬ್ಬ ಮಗನ್ನ ಬರ್ಕೊಳ್ಳಿ."

"ಬರೆದಿದ್ದನ್ನೂ ಒಂದ್ಸಲ ಓದಿಬಿಡಿ, ಯಾವುದು ಚೆನ್ನಾಗಿದೆ ನೋಡೋಣ."

"ಅದನ್ನ ಬೇಕಾದಷ್ಟು ಸಲ ಓದಿ ಆಗಿದೆ. ಇನ್ನು ಓದಲ್ಲ."

ಕತ್ತರಿ ನನ್ನ ಕಡೆ ತಿರುಗಿದರು. ನನ್ನ ಮುಖ ಹೇಗಿತ್ತೋ, ಗುಂಡಿಯಿಂದ ಕೈ ತೆಗೆದು, "ಮಗನ್ನ ಬರೀರಿ," ಎಂದರು. ಸುಂಕದ ಮನೆ ಉಳಿಯಿತು.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಬಂದೆವು. ಮನೆಗೆ ಬಂದು ಕೈಕಾಲು ತೊಳೆದು ಊಟದ ಮೇಜಿಗೆ ಕೂತು ಮಗನನ್ನು ಬರೆಯಲು ಶುರು ಮಾಡಿದೆ. ಎತ್ತರ ಎಷ್ಟು, ಕೆಲಸ ಏನು, ಒಂದೂ ಹೊಳೆಯಲಿಲ್ಲ. ನಮ್ಮತ್ತೆಯನ್ನೇ ಕೇಳಿದೆ.

"ಮಗನಿಗೆ ಒಂದು ಸಾಲು ಸಾಕು ಬಿಡು," ಎಂದರು. "ಆ ಹುಡುಗಿ ಅಡುಗೆಮನೇಲಿ ಕೂತು ಒಂದು ಮಾತೂ ಆಡಲ್ವಲ್ಲ. ಅವಳಿಗೆ ಬರಿ."

"ಏನಂತ ಬರೀಲಿ ಅತ್ತೆ? ಅವಳು ಏನು ಹೇಳ್ತಾಳೆ?"

"ನನ್ನ ಕೇಳಿದ್ರೆ?" ನಮ್ಮತ್ತೆ ಎದುರಿನ ಕುರ್ಚಿ ಎಳೆದುಕೊಂಡು ಕೂತರು. "ಇಷ್ಟು ದಿನ ನಾನೇ ಹೇಳಿದ್ದಾಯ್ತು. ನೀನು ಹೇಳು, ಕೇಳಿಸ್ಕೋತೀನಿ."